ಸುಖದ ಬಾಬ್ತು

ಕಾಗದ ಇಂಗ್ಲಿಷಿನ್ಯಾಗ ಬಂದಿತ್ತು.
ಇನ್ಶೂರೆನ್ಸ್ ಕೌಂಟರಿನ ಹುಲಿಗೆಮ್ಮ ಎರಡು ಸಲ ಓದಿ
ಕಣ್ಣೆತ್ತದೆ ಅಂದ್ಳು:
‘ಗಾಳಿ ಹಾಸಿಗಿಗೆ ಕೊಡಂಗಿಲ್ಲಂತ ಅಜ್ಜ.
ಅದು ಔಷಧ ಅಲ್ಲಂತ, ಕಂಫರ್ಟ್ ಐಟಂ ಅಂತ.
ಅಂದ್ರ, ಸುಖದ ಬಾಬ್ತು.’

ಉಳಿದದ್ದಕ್ಕೆಲ್ಲ ಕೊಟ್ಟಾರ. ಸೊಂಟದಾಗ ಕೂಡಿಸಿದ ಕಬ್ಬಿಣಕ್ಕ,
ಗ್ಲೂಕೋಸಿಗೆ, ಡಾಕ್ಟರು ಬಾಗಿಲದಾಗ ನಿಂತು
‘ಹೆಂಗದೀರಿ’ ಅಂದು ಹೋದ ಆರು ಮುಂಜಾನಿಗೆ.
ಹನ್ನೊಂದು ಸಾವಿರದ ನಾಲ್ಕುನೂರು ಮಾತ್ರ
ಕೆಂಪು ಗೆರಿ ಕೆಳಗ ಉಳದದ.

ತೀನ್ ಕಂದೀಲಿನ ಹಿಂದ ಗಾದಿ ಹೊಲ್ಯಾಂವ ನಾನು.
ನಮ್ಮ ಮನ್ಯಾಗ ಬಿಲ್ಲು ಅಂದ್ರ ಒಂದೇ ಇತ್ತು,
ಅಪ್ಪ ಹತ್ತಿ ಹಿಂಜತಿದ್ದದ್ದು; ಗ್ವಾಡಿಗೆ ತೂಗ್ಯದ, ತಂತಿ ಹರದದ.
ಈಗ ಈ ಬಿಲ್ಲು ಬಂದದ, ಹನ್ನೆರಡು ಹಾಳಿ.
ಇದು ಮನುಷ್ಯಾನ್ನ ಹಿಂಜತದ.

ಸುಖ ಅಂದ್ರ ಏನು, ನನ್ನ ಕೇಳವ್ವ.
ಗಂಜಿನಾಗ ಕೈಲೆ ಹರಿದು, ಎಳಿ ಉದ್ದ ನೋಡಿ ತಂದ ಹತ್ತಿ.
ಮೂಲ್ಯಾಗ ಗಂಟು ಕಟ್ಟದಂಗ ಹಾಕಿದ ಹೊಲಿಗಿ.
ಬಿಸಲಿಗೆ ಒಣಗಿಸಿ ಒಳಗ ತಂದ ಸಂಜಿಗೆ ಅದರಾಗಿಂದ ಬರೋ ವಾಸನಿ.
ಮಾಶಾಬಿ ಈಗ ಮಲಗಿದ್ದು ರಬ್ಬರಿನ ಮ್ಯಾಲ.
ಸಾಲು ಸಾಲು ಗಾಳಿ ಕೊಳವಿ,
ಒಂದು ಉಬ್ಬಿದ್ರ ಮಗ್ಗಲದ್ದು ಕುಗ್ಗತದ,
ರಾತ್ರಿಯೆಲ್ಲ ಪಂಪು ಗೊಂಯ್ ಅಂತದ,
ಮೇ ತಿಂಗಳ ರಾಯಚೂರಾಗ ಬೆನ್ನು ಕುದೀತದ.
‘ಇದಕಿಂತ ನೆಲಾನೇ ಪಾಡಿತ್ತು’ ಅಂತಾಳ
ಮೂವತ್ತೆಂಟು ವರ್ಷ ನನ್ನ ಗಾದಿ ಮ್ಯಾಲ ಮಲಗಿದಾಕಿ.

ಬಿದ್ದ ಮ್ಯಾಲ ಮೊದಲ ಒಂಬತ್ತು ದಿನಾನೂ
ಅದರ ಮ್ಯಾಲೇ ಇದ್ದಳು, ಎಲುಬು ಕಟ್ಟಾಂವನ ಪಟ್ಟಿ ನಂಬಿ.
ದವಾಖಾನ್ಯಾಗ ನರ್ಸು ಮಗ್ಗಲಕ್ಕ ಹೊರಳಿಸಿ ತೋರಿಸಿದ್ಳು.
ಬೆನ್ನಿನ ತುದಿಗೆ, ಎಂಟಾಣೆಯಷ್ಟು, ಹಸಿ ಕೆಂಪು.
ನನ್ನ ಗಾದಿ ಆಕಿ ಚರ್ಮ ತಿಂದಿತ್ತು.
ಅಲುಗಾಡದೆ ಮಲಗಿದ್ರ ಮೆತ್ತಗಿದ್ದದ್ದೂ ಒತ್ತತದ:
ಕಸುಬು ಹೊಸದಾಗಿ ಕಲತೆ, ಅರವತ್ಮೂರಕ್ಕ.

‘ಗಾಯ ಮೂರನೇ ಹಂತ ಅಂತ ಡಾಕ್ಟರು ಬರದ್ರ ಮತ್ತ ಕೇಳಬಹುದು,’
ಹುಲಿಗೆಮ್ಮ ದನಿ ತಗ್ಗಿಸಿದ್ಳು. ‘ಈಗಿನ್ನೂ ಎರಡನೇದು.’
‘ಮೂರು ಅಂದ್ರ?’
ಪೆನ್ನಿನ ಮುಚ್ಚಳ ತಗದ್ಳು, ಹಾಕಿದ್ಳು.
‘ಚರ್ಮ ಪೂರಾ ಹೋಗಬೇಕ್ರಿ. ಒಳಗಿಂದು ಕಾಣಬೇಕು.’

ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ.
ಆ ಗಾದಿಮಾತು ಕಟ್ಟಿದಾಂವ
ಗಾದಿ ಕಟ್ಟಿದಾಂವ ಅಲ್ಲ.

ಶಕ್ತಿನಗರ ಇಲ್ಲೇ ಮಗ್ಗಲಾಗ. ಕರೆಂಟು ಅಲ್ಲಿ ಹುಟ್ಟತದ,
ನಮ್ಮ ಓಣಿಗೆ ಬರೋದ್ರಾಗ ದಾರಿ ತಪ್ಪತದ.
ನಡುರಾತ್ರಿ ಪಂಪು ಸುಮ್ಮನಾತಂದ್ರ ನನಗ ಎಚ್ಚರ,
ಕೊಳವಿಯಿಂದ ಗಾಳಿ ಹೋಗೋದು ಕೇಳಸ್ತದ.
ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ,
ಕತ್ತಲಾಗೇ ಹೊರಳಸ್ತೀನಿ.
‘ನಾನೇನು ಹತ್ತಿ ಅಲ್ಲ’ ಅಂತಾಳ.
ಹತ್ತಿಗೂ ಇಷ್ಟು ಹಗೂರ ಕೈ ಹಚ್ಚಿಲ್ಲ, ಮಾರಾಯ್ತಿ.

ಸರ್ಜಿಕಲ್ ಅಂಗಡಿ ಅಮರಯ್ಯ ಉದ್ರಿ ಕೇಳಲಿಕ್ಕೆ ಬಂದ.
ಚಾ ಕುಡದ. ಹಂಗೇ ಹತ್ತಿ ಮುಟ್ಟಿ ನೋಡಿದ.
ಮಗಳದ್ದು ನಿಶ್ಚಯ ಆಗ್ಯದಂತ.
ಎರಡು ಗಾದಿ, ನಾಲ್ಕು ತಲಿದಿಂಬು, ಒಂದು ಲೋಡು;
ಉಳಿದದ್ದು ಆಮ್ಯಾಲ ನೋಡೋಣು, ಅಂದ.

ನಿನ್ನೆ ಒಪ್ಪಿಸಿದೆ. ಲೆಕ್ಕಕ್ಕ ಬಿಲ್ಲು ಬೇಕಂದ.
ನನ್ನ ಬುಕ್ಕಿನಾಗೂ ‘ವಿವರ’ ಅಂತ ಒಂದು ಕಾಲಮ್ಮು ಅದ,
ಇಷ್ಟು ವರ್ಷ ಅದರಾಗ ‘ಹತ್ತಿ, ನಾಕು ಆರು’ ಅಂತ ಗೀಚಿದಾಂವ ನಾನು.
ಕಾರ್ಬನ್ನು ಸರಿಮಾಡಿ, ಒತ್ತಿ ಬರದೆ,
ಕೆಳಗಿನ ಹಾಳಿಗೂ ಮೂಡೋ ಹಂಗ:
ಸುಖದ ಬಾಬ್ತು.

ಅಮರಯ್ಯ ಓದಿದ. ಏನೂ ಕೇಳಲಿಲ್ಲ.
ನಾಲ್ಕಾಗಿತ್ತು, ಹೊರಳಿಸೋ ಹೊತ್ತು.
ಸೈಕಲ್ಲು ತುಳಕೊಂಡು ಮನಿಗೆ ಬಂದೆ.