ನಿಂತೇ ಹೋಗುವ ಗಾಡಿ

ಸೀಟೆಲ್ಲಿ ಅಂದರು ಎಲ್ಲರೂ.
ಮೊದಲು ಅಂದದ್ದು ನಮ್ಮ ಡ್ರೈವರ್ ಕೆಂಪರಾಜು,
ಡಿಪೋ ಗೇಟಿನಲ್ಲಿ, ಟೀ ಲೋಟ ಅರ್ಧಕ್ಕೇ ಇಳಿಸಿ:
‘ಕೂರಕ್ಕೇ ಜಾಗ ಇಲ್ದಿರೋ ಗಾಡಿಗೆ
ಸೊಸೈಟಿ ಸಾಲ ಎತ್ತಿದ್ಯಲ್ಲ ಚೆನ್ನಾಜಮ್ಮ,
ನಿಂಗೇನ್ ಬಂದಿತ್ತವ್ವಾ?’

ಹನ್ನೊಂದು ವರ್ಷದಿಂದ ನಾನು ಕೂತದ್ದೆಲ್ಲಿ?
ಮಂಡ್ಯ, ಪಾಂಡವಪುರ, ಮೇಲುಕೋಟೆ,
ತಿರುಗಿ ಮೇಲುಕೋಟೆ, ಪಾಂಡವಪುರ, ಮಂಡ್ಯ.
ಕಬ್ಬಿನ ಟ್ರಾಕ್ಟರ್ ಅಡ್ಡ ಬಂತೆಂದರೆ ಒಂದು ಬ್ರೇಕು,
ಕರು ನುಗ್ಗಿತೆಂದರೆ ಇನ್ನೊಂದು.
ಒಂದು ಕೈಲಿ ಟಿಕೆಟ್ ಮಿಷನ್ನು, ಒಂದರಲ್ಲಿ ಚಿಲ್ಲರೆ.
ಕಂಬಿ ಹಿಡಿಯಲು ಮೂರನೇ ಕೈ ಕೊಡದ ದೇವರು
ಮೊಣಕಾಲಿಗೆ ಕಿವಿ ಕೊಟ್ಟ.
ಬಸ್ಸು ವಾಲುವ ಮೊದಲೇ ಅದಕ್ಕೆ ಕೇಳಿಸುತ್ತದೆ.

ಜಬೀವುಲ್ಲಾ ಸಾಹೇಬರ ಷೆಡ್ಡಿನಲ್ಲಿ ಮೂರು ನಿಂತಿದ್ದವು.
ಒಂದು, ಹಳೇ ಯೆಜ್ಡಿ ಕೊಯ್ದು ಅವರೇ ಕಟ್ಟಿದ್ದು.
ಟ್ಯಾಂಕು ಸುಲಿದ ಕಾಯಿಯಷ್ಟು, ಸೈಲೆನ್ಸರು ಮೇಲಕ್ಕೆ,
ಎತ್ತಿದರೆ ಮಾತ್ರ ಸೊಂಟ ಲೆಕ್ಕ ಕೇಳುತ್ತಿತ್ತು.
ಇನ್ನೊಂದು ಕೊಯಮತ್ತೂರಿನಿಂದ ಬಂದ ಫಾರಿನ್ನು,
ಮುನ್ನೂರು ಸೀಸಿ, ಕೆಂಪು ಕೆಂಪು.
ಆಕ್ಸಿಲರೇಟರ್ ಮುಟ್ಟಿದ್ದೇ ತಡ
ಮುಂದಿನ ಚಕ್ರ ನನ್ನ ಮುಖ ನೋಡಲು ಎದ್ದಿತು.

ಮೂರನೆಯದು ನೂರಿಪ್ಪತ್ತೈದು.
ಒಡೆದ ಮಡ್‌ಗಾರ್ಡಿಗೆ ತಂತಿಯ ಹೊಲಿಗೆ,
ಎಂಜಿನ್ನಿನ ಹೊಟ್ಟೆಗೆ ಕಟ್ಟಿದ ತಗಡಿನ ತುಂಬ ಗೀರು.
‘ಗೀರು ನೋಡಿ ಹೆದರ್ಬೇಡ ಬೇಟಿ,
ಬಿದ್ದು ಕಲ್ತಿರೋ ಗಾಡಿ, ಕಲಿಸ್ತದೆ’ ಎಂದವರು
ಮುಂದಿನ ಚಕ್ರವನ್ನು ಎರಡು ಮಂಡಿಯ ನಡುವೆ ಹಿಡಿದು
‘ಹತ್ತು. ಕಣ್ ಮುಚ್ಚು.’
ಹತ್ತಿದೆ. ಮುಚ್ಚಿದೆ.
ಜಕ್ಕನಹಳ್ಳಿ ತಿರುವಿನಲ್ಲಿ ತುಂಬಿದ ಬಸ್ಸಿನಲ್ಲಿದ್ದ ಹಾಗೆ.
ಅವರು ಮಂಡಿ ಸಡಿಲಿಸಿದ್ದು ಗೊತ್ತೇ ಆಗಲಿಲ್ಲ
ಅಂದರೆ ಸುಳ್ಳಾಗುತ್ತದೆ.
ಗೊತ್ತಾಯಿತು, ಬಿದ್ದೆ.
ಆದರೆ ಸ್ವಲ್ಪ ತಡವಾಗಿ ಬಿದ್ದೆ.
ಆ ತಡಕ್ಕೇ ಅಡ್ವಾನ್ಸ್ ಕೊಟ್ಟದ್ದು.

ಪಂಚರ್ ಅಂಗಡಿಯ ಹುಡುಗ ಟೈರು ಹಿಸುಕಿ
‘ಅಕ್ಕ, ಗಾಳೀನೇ ಇಲ್ಲ’ ಎಂದು ಪೈಪು ಎಳೆದು ತಂದ.
ಇದಕ್ಕೆ ಇಷ್ಟೇ ಕಣೋ, ಐದು ಪಾಯಿಂಟು,
ಟೈರು ಬಂಡೆಯನ್ನು ಅಂಗೈ ಹಾಗೆ ಹಿಡಿಯಬೇಕು ಅಂದರೆ
ನನ್ನನ್ನೂ ಹಿಸುಕಿ ನೋಡುವವನಂತೆ ನಿಂತ.

ವಾರದ ರಜೆಗೆ ಕುಂತಿಬೆಟ್ಟದ ಬುಡ.
ಕ್ಲಚ್ಚಿಗೆ ಒಂದೇ ಬೆರಳು, ಬ್ರೇಕಿಗೆ ಒಂದೇ ಬೆರಳು,
ಉಳಿದವು ಸುಮ್ಮನೆ ಹ್ಯಾಂಡಲಿನ ನೆಂಟರು.
ಬಂಡೆ ನೋಡಿದರೆ ಗಾಡಿ ಬಂಡೆಗೇ ಹೋಗುತ್ತದೆ,
ಬಂಡೆಯಾಚೆಯ ಲಂಟಾನ ನೋಡಿದರೆ ಲಂಟಾನಕ್ಕೆ.
ಎಲ್ಲಿ ನೋಡಬೇಕೆಂದು ತಿಳಿಯಲು ಮೂರು ಭಾನುವಾರ
ಮತ್ತು ಬಲ ಮೊಣಕೈಯ ಅಷ್ಟೂ ಚರ್ಮ.

ಇದರ ಲೆಕ್ಕವೇ ತಲೆಕೆಳಗು:
ಕಾಲು ನೆಲಕ್ಕೆ ತಾಗಿದರೆ ಒಂದು,
ಇನ್ನೊಮ್ಮೆ ತಾಗಿದರೆ ಎರಡು, ಮೂರರ ಮೇಲೆ ಎಣಿಸುವುದಿಲ್ಲ.
ಬಿದ್ದರೆ ಐದು.
ಸೊನ್ನೆ ತಂದವರೇ ಗೆದ್ದವರು.
ವೇ ಬಿಲ್ಲಿನಲ್ಲಿ ಸೊನ್ನೆ ಬರೆದರೆ ಮೆಮೋ ಬರುವ ಕೆಲಸ ನನ್ನದು;
ಇಲ್ಲಿ ಹಳೇ ಬಿಲ್ಲಿನ ಬೆನ್ನ ಮೇಲೆ
ಐದು, ಐದು, ಮೂರು, ಐದು ಎಂದು ಬರೆಯುತ್ತಾ
ಒಂದು ಸೊನ್ನೆಗೆ ಬಾಯಿ ಬಿಡುತ್ತೇನೆ.

ಮೊನ್ನೆ ಸಂಜೆ, ಎರಡು ಗುಂಡಿನ ನಡುವಿನ ಸಂದಿ.
ಮುಂದಿನ ಚಕ್ರ ಕಲ್ಲಿಗೆ ಒರಗಿ ಸುಮ್ಮನಾಯಿತು,
ಹಿಂದಿನದು ಅದರ ಮಾತು ಕೇಳಿತು.
ಮಂಡಿ ಸ್ವಲ್ಪ ಆ ಕಡೆ. ಸ್ವಲ್ಪ ಈ ಕಡೆ.
ಮುಂದೆ ಸ್ಟಾಪಿಲ್ಲ, ರೈಟ್ ಅನ್ನುವವರಿಲ್ಲ.
ಎಂಜಿನ್ನು ಮಾತ್ರ ಟುಕ್ ಟುಕ್ ಅನ್ನುತ್ತಾ
ಒಲೆಯ ಮೇಲೆ ಮರೆತ ಮುದ್ದೆಯ ಎಸರಿನ ಹಾಗೆ.

ಮೇಕೆ ಹೊಡೆದುಕೊಂಡು ಬರುತ್ತಿದ್ದ ಹುಡುಗನೊಬ್ಬ
ಕೋಲಿಗೆ ಗದ್ದ ಊರಿ ನೋಡಿದ.
‘ಯಾಕಕ್ಕೋ, ನಿಂತೇ ಹೋಯ್ತಾ?’

ಊಂ ಕಣಪ್ಪ, ಅಂದೆ. ನಿಂತೇ ಹೋಯ್ತು.

ಏಳು ಎಣಿಸುವಷ್ಟು.
ಆಮೇಲೆ ನಗು ಬಂತು.

ಐದು.