ಬರೆ

ಶ್ರೀನಿವಾಸಪುರದ ಮಂಡಿ ರಸ್ತೆಯಲ್ಲಿ ನನ್ನದೊಂದು ಅಂಗಡಿ,
ಆರಡಿಗೆ ಎಂಟಡಿ.
ಮಿಕ್ಸಿ, ಫ್ಯಾನು, ದನಿ ಸತ್ತ ಟೇಪ್‌ರೆಕಾರ್ಡರು,
ಇವುಗಳ ನಾಡಿ ಹಿಡಿದು ನೋಡುವುದು ಕಸುಬು.
ಏಳರ ಮೇಲೆ ಶಟರು ಅರ್ಧ ಎಳೆದು
ಅದೇ ಬೆಸುಗೆ ಕಡ್ಡಿ ಕಾಯಿಸಿ
ಮಾವಿನ ಹಲಗೆಯ ಮೇಲೆ ಚಿತ್ರ ಸುಡುವುದು,
ಇದಕ್ಕೆ ಕಸುಬು ಅನ್ನಲಾರೆ.
ಹೆಂಡತಿ ಹುಚ್ಚು ಅನ್ನುತ್ತಾಳೆ, ಮಗಳು ಹಾಬಿ.
ಎರಡೂ ಸರಿ.

ಶುರುವಾದದ್ದು ಒಂದು ಮರೆವಿನಿಂದ.
ಫೋನು ಬಂತೆಂದು ಕಡ್ಡಿಯನ್ನು ಹಣ್ಣಿನ ಪೆಟ್ಟಿಗೆಯ ಮೇಲಿಟ್ಟು
ಮಾತಿಗೆ ಬಿದ್ದೆ.
ತಿರುಗಿದರೆ ಬೆರಳುದ್ದದ ಕಂದು ಗೆರೆ,
ತುದಿಯಲ್ಲಿ ಎಳೆ ಹೊಗೆ,
ಹೋಳಿಗೆ ಸೀದ ವಾಸನೆ.
ಒರೆಸಿದೆ. ಹೋಗಲಿಲ್ಲ.
ಪಕ್ಕದಲ್ಲಿ ಇನ್ನೊಂದು ಎಳೆದೆ, ಬಾಲವಾಯಿತು.
ಬಾಲಕ್ಕೊಂದು ಅಳಿಲು ಬೇಕಾಯಿತು.

ಈಗ ಗೊತ್ತು:
ಮಾವು ಮೆತ್ತಗೆ ಸುಡುತ್ತದೆ. ನೇರಳೆ ಹಟ ಮಾಡುತ್ತದೆ.
ಬೇವಿನ ಹೊಗೆ ಕಣ್ಣಿಗೆ ಸಾಲ ಕೇಳುತ್ತದೆ.
ನಿಧಾನಿಸಿದರೆ ಕಪ್ಪು, ಓಡಿಸಿದರೆ ಜೇನಿನ ಬಣ್ಣ.
ಗಂಟು ಬಂದಲ್ಲಿ ಕಡ್ಡಿ ತಾನೇ ನಿಂತು
'ಇಲ್ಲೊಂದು ಕೊಂಬೆಯಿತ್ತು, ಗೊತ್ತಾ' ಅನ್ನುತ್ತದೆ.
ಗೊತ್ತು ಕಣಪ್ಪ, ಎಂದು
ಗಂಟನ್ನೇ ಗೂಬೆಯ ಕಣ್ಣು ಮಾಡುತ್ತೇನೆ.
ಸುಟ್ಟದ್ದಕ್ಕೆ ರಬ್ಬರಿಲ್ಲ.
ಬಸ್ಸಿನ ಹಾರನ್ನಿಗೆ ಬೆಚ್ಚಿ
ಮೇಕೆಗೆ ಐದನೆಯ ಕಾಲು ಹುಟ್ಟಿಬಿಟ್ಟಾಗ
ಅದನ್ನು ಬಿಸಾಡುವವನಿದ್ದೆ;
ಎದುರು ಮನೆಯ ಯಶೋಧಾ, ಮೂರನೇ ಕ್ಲಾಸು,
'ಕೊಡಿ ಅಂಕಲ್, ನಮ್ಮ ಮೇಕೆ ಓಡುವಾಗ ಹೀಗೇ ಕಾಣೋದು'
ಎಂದು ಎದೆಗವಚಿ ತಾನೂ ಓಡಿದಳು.

ಮುನಿರತ್ನಮ್ಮನಿಗೆ ಕೊಟ್ಟ ಮಣೆಯಲ್ಲಿ ನವಿಲಿತ್ತು.
ಮೂರು ರಾತ್ರಿಯ ನವಿಲು.
ಗೋಡೆಗೆ ತೂಗುಹಾಕಿ ಅಂದಿದ್ದೆ.
ಆಕೆಗೆ ಗೋಡೆಗಿಂತ ಹಿಟ್ಟು ಹತ್ತಿರ.
ಮಾರನೆಯ ದಿನ ಅವಳ ಹೋಟೆಲಿನಲ್ಲಿ
ಲಾರಿ ಕ್ಲೀನರು ಹುಡುಗನೊಬ್ಬ
ಚಪಾತಿಯನ್ನು ಬೆಳಕಿಗೆ ಹಿಡಿದು
'ಅಕ್ಕಾ, ಇದರಲ್ಲಿ ಏನೋ ಕೂತೈತೆ' ಅಂದ.
ನನ್ನ ನವಿಲು! ಮಸುಕಾಗಿ, ಎಡಬಲ ತಿರುಗಿ,
ಒಂದು ಗರಿ ಸೀದು.
ಎದೆ ಚುರ್ ಅಂದದ್ದು ಸುಳ್ಳಲ್ಲ.
ಅವನು ಕೊರಳು ಮುರಿದು
ಬದನೆಕಾಯಿ ಗೊಜ್ಜಿನಲ್ಲಿ ಅದ್ದಿ ತಿಂದ,
ಬೆರಳು ನೆಕ್ಕಿ,
'ಇನ್ನೊಂದು ನವಿಲು ಹಾಕಕ್ಕ' ಅಂದ.
ಯಾವ ಗೋಡೆ ಹೀಗೆ ಕೇಳೀತು?

ಸಾಮಿಲ್ಲಿನ ಮೌಲಾ ಸಾಬರು ಚೂರು ಹಲಗೆ ಕೊಡುವಾಗೆಲ್ಲ ಕೇಳುತ್ತಾರೆ,
'ರೇಟು ಏನಿಟ್ಟಿದ್ದೀಯ?'
ಮಿಕ್ಸಿಗೆ ಹೇಳುವ ಬಾಯಿ ಇದಕ್ಕೆ ಬರುವುದಿಲ್ಲ.
ಅವರಂದರು: 'ಹಾಗಾದರೆ ನಾನೂ ಹೇಳಲ್ಲ, ತಗೊಂಡು ಹೋಗು.'

ನನಗೆ ನಾಲ್ಕು ವರ್ಷವಿದ್ದಾಗ ಕಾಮಾಲೆಯೆಂದು
ಅಜ್ಜಿ ಪಕ್ಕದೂರಿಗೆ ಹೊತ್ತೊಯ್ದು
ಬರೆ ಹಾಕಿಸಿದಳಂತೆ.
ಎಡಗೈ ಮಣಿಕಟ್ಟಿನ ಮೇಲೆ ಅದು ಇನ್ನೂ ಇದೆ,
ಅವರೆಕಾಳಿನಷ್ಟು, ನುಣ್ಣಗೆ,
ಅಲ್ಲಿ ಕೂದಲು ಹುಟ್ಟುವುದಿಲ್ಲ.
ಕಾದ ಕಬ್ಬಿಣ ನೆನಪಿಲ್ಲ.
ನನ್ನ ಕಣ್ಣು ಮುಚ್ಚಿದ್ದ ಅವಳ ಅಂಗೈಯ
ಹುಣಸೆಹಣ್ಣಿನ ವಾಸನೆ ನೆನಪಿದೆ.
ಹಿಂದಿನವರು ಯಾಕೋ
ಎರಡಕ್ಕೂ ಒಂದೇ ಮಾತಿಟ್ಟರು.
ಮೈಗೆ ಹಾಕಿದರೂ ಬರೆ,
ಕೈಗೆ ಹೇಳಿದರೂ ಬರೆ.
ಕಡ್ಡಿ ಕಾಯುತ್ತಿರುವಾಗ
ಒಮ್ಮೊಮ್ಮೆ ಆ ಕಾಳಿನ ಮೇಲೆ ಕಣ್ಣು ಬಿದ್ದು
ಕೈ ತುಸು ಹಗುರಾಗುತ್ತದೆ.

ಮುಂದಿನ ಸುಗ್ಗಿಗೆ ಆ ಕ್ಲೀನರು ಹುಡುಗ
ಅರ್ಧ ಶಟರಿನಡಿ ಬಗ್ಗಿ ಬಂದ.
'ನವಿಲು ಹುಟ್ಟೋ ಜಾಗ ಇದೇನಾ?'
ಹೆಸರು ವೆಂಕಟಶಾಮಿ, ಊರು ಗೌನಿಪಲ್ಲಿ ಕಡೆ.
ಹಲಗೆ ಮುಂದಿಟ್ಟು, ಕಡ್ಡಿಯ ಹಿಡಿ ಅವನ ಬೆರಳಿಗೆ ಕೂರಿಸಿ
ಬರೆ, ಅಂದೆ.
ಉಸಿರು ಬಿಗಿಹಿಡಿದು ಅವನು
ನವಿಲು ಬಿಟ್ಟು ಲಾರಿ ಬರೆದ.
ಮುಂದೊಂದು ನಿಂಬೆಹಣ್ಣು, ಹಿಂದೆ ಮೂಟೆಯಷ್ಟು ಹೊಗೆ,
ಮೂರು ಗಾಲಿ.
ಅಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಅವನ ದನಿ: 'ಈಗೇನಣ್ಣ?'
ಫೋನಿನ ಬೆಳಕು ಹಿಡಿದು ಅಂದೆ,
ಕಡ್ಡಿಯಲ್ಲಿ ಇನ್ನೂ ಕಾವಿದೆ,
ಒಂದು ಗಾಲಿಗೆ ಸಾಕು.
ಬೇಗ.