ಮೂಡು ಬದಿಯ ಮೂರು ಬೆರಳು

ಬಾಯಾರಿನ ಅಂಗನವಾಡಿಯ ಹಂಚಿನ ಮೇಲೆ
ಬಗ್ಗಿ ನಿಂತಿತ್ತು ಹೆಬ್ಬಲಸು,
ಒಳಗೇನು ಬೇಯುತ್ತಿದೆ ಎಂದು
ಇಣುಕುವ ನೆರೆಮನೆಯವಳ ಹಾಗೆ.

ಪಕ್ರು ಬ್ಯಾರಿ ಕೊಡಲಿಯನ್ನು ತೂಗುಬಿಟ್ಟು
ಒಂದು ಕಣ್ಣು ಮುಚ್ಚಿ ಅಳೆದರು:
"ಪಡುವಕ್ಕೆ ಐದಡಿ ವಾಲಿದೆ. ತೆಂಕಕ್ಕೆ ಮಲಗಿಸುವ.
ಎಲ್ಲಿ ಬೀಳಬೇಕು ಹೇಳಿ, ಟೀಚರೇ."
ಜಲಜಾಕ್ಷಿ ಟೀಚರು, ನಂಬಿಕೆಯಿಲ್ಲದೆ,
ಎರಡು ಗೇರುಮರಗಳ ಸಂದಿನಲ್ಲಿ
ತನ್ನ ಕೊಡೆ ಊರಿ ಬಂದರು.

ತೆಂಕು ಮೈಗೆ ಮೊದಲು ಬಾಯಿ ಕಡಿದದ್ದು.
ಆಮೇಲೆ ಬೆನ್ನಿಗೆ ಗರಗಸ:
ಪಡುವ ಬದಿ ತೆಳ್ಳಗೆ ಉಳಿಸಿ
ಮೂಡು ಬದಿ ಮೂರು ಬೆರಳು ದಪ್ಪ
ಮುಟ್ಟದೆ ಬಿಟ್ಟರು.
"ಎಳೆಯುವುದು ಅದು ಮಾರಾಯ,
ನಿನ್ನ ಹಗ್ಗ ಬರೀ ಧೈರ್ಯಕ್ಕೆ."

ಬೆಣೆ. ಪೆಟ್ಟು. ಇನ್ನೊಂದು ಬೆಣೆ.
ಮರ ಹೊರಟದ್ದು ಹಂಚಿನ ಕಡೆಗೇ.
ಟೀಚರು ಮುಖ ತಿರುಗಿಸಿದರು,
ನನ್ನ ಅಂಗೈಯಲ್ಲಿ ಹಗ್ಗ ಬೆವರಿತು.
ಬುಡದಲ್ಲೆಲ್ಲೋ ನಾರು ಕಿರ್ರೆಂದಿತು;
ಸೆರಗು ಮೊಳೆಗೆ ಸಿಕ್ಕವಳಂತೆ
ತಟ್ಟನೆ ನಿಂತು,
ತಿರುಗಿ,
ತೆಂಕಕ್ಕೆ ಒರಗಿತು.

ಧೂಳು ಇಳಿದ ಮೇಲೆ
ಗೆಲ್ಲು ಸರಿಸಿ ಹುಡುಕಿದೆವು.
ಕೊಡೆಯದ್ದು ಏಳು ಕಡ್ಡಿ ಸಿಕ್ಕಿತು.
ಬ್ಯಾರಿ ಕುತ್ತಿಯ ಮೇಲೆ ಕೂತು
ಸೀಳಿದ ಬಿಳಿ ನಾರನ್ನು ಸವರುತ್ತ
"ಕೂಲಿಯಲ್ಲಿ ಹಿಡಿದುಕೊಳ್ಳಿ" ಎಂದರು,
ನಗು ಕಾಣಿಸದ ಹಾಗೆ
ಬಾಯಿಗೆ ವೀಳ್ಯ ತುರುಕಿ.